ಹಾಳೂರಿನ ಗೇಮ್‌ಗಳೇ ಯಾಕೆ ಇಷ್ಟ?

ನಾನು ಗೇಮ್ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದವರು ಹೆಚ್ಚುಕಮ್ಮಿ ಎಲ್ಲರೂ ಕೇಳುವ ಪ್ರಶ್ನೆ ಇದು. ಫ್ಯಾಂಟಸಿ ಅಂದಮೇಲೆ ಏನು ಬೇಕಾದರೂ ಇರಬಹುದಲ್ವಾ, ಹಾರುವ ಕುದುರೆ, ಮಂತ್ರ, ಚಿನ್ನದ ಅರಮನೆ. ಅದೆಲ್ಲ ಬಿಟ್ಟು ಸುಟ್ಟ ಹಳ್ಳಿ, ಕುಸಿದ ಕೋಟೆ, ದಾರಿಬದಿಯ ಹೆಣಗಳ ಮಧ್ಯೆ ಯಾಕೆ ಓಡಾಡುತ್ತೀಯ? ಮನಸ್ಸಿಗೆ ಭಾರ ಆಗಲ್ವಾ?

ಭಾರ ಆಗುತ್ತದೆ. ಆದರೆ ನಾನು ಗೇಮ್ ಆಡುವುದೇ ಕಥೆಗಾಗಿ. ಯುದ್ಧದಲ್ಲಿ ಹಾಳಾದ ನಾಡಿನಲ್ಲಿ ಕಥೆಗೆ ಸಿಗುವ ಆಳ ಬೇರೆ ಕಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ ಅಂತ ನನ್ನ ನಂಬಿಕೆ. ಯಾಕೆಂದರೆ ಅಂಥ ನಾಡಿಗೆ ನಾವು ತಡವಾಗಿ ಬಂದಿರುತ್ತೇವೆ. ದೊಡ್ಡದೆಲ್ಲ ಆಗಿಹೋಗಿರುತ್ತದೆ. ಗೆಲ್ಲಲು ಯುದ್ಧ ಉಳಿದಿರುವುದಿಲ್ಲ, ಉಳಿದಿದ್ದರೂ ಅದು ನಮ್ಮ ಕೈಯಲ್ಲಿರುವುದಿಲ್ಲ. ಹಾಗಾಗಿ ಇಲ್ಲಿ ಏನಾಯಿತು, ಉಳಿದವರು ಹೇಗೆ ಬದುಕುತ್ತಿದ್ದಾರೆ ಅನ್ನುವ ಎರಡು ಪ್ರಶ್ನೆಗಳೇ ನಮ್ಮನ್ನು ಮುಂದಕ್ಕೆ ಎಳೆಯುತ್ತವೆ. ಒಳ್ಳೆ ಕಥೆಗೆ ಬೇಕಾಗಿದ್ದೂ ಅವೇ.

ಮುಂದೆ ಹೇಳುವುದರಲ್ಲಿ ಮೂರು ಗೇಮ್‌ಗಳ ಕಥೆ ಬಿಟ್ಟುಕೊಡುತ್ತೇನೆ, ಆಡಬೇಕು ಅಂತಿರುವವರು ನೋಡಿಕೊಂಡು ಓದಿ.

ಮೊದಲು ದಿ ವಿಚರ್ 3. 2015ರಲ್ಲಿ ಬಂದಿದ್ದು, ಮಾಡಿದವರು ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್. ನಾವು ಗೆರಾಲ್ಟ್ ಅನ್ನುವ ವಿಚರ್, ಅಂದರೆ ಕೂಲಿಗೆ ರಾಕ್ಷಸರನ್ನು ಕೊಲ್ಲುವವನು. ಆಟ ಶುರುವಾಗುವಾಗ ತೆಮೇರಿಯಾ ದೇಶ ಸೋತಾಗಿದೆ. ದಕ್ಷಿಣದಿಂದ ಬಂದ ನಿಲ್ಫ್‌ಗಾರ್ಡ್ ಸೈನ್ಯ ಊರೂರಿನಲ್ಲಿ ಬೀಡುಬಿಟ್ಟಿದೆ. ಮೊದಲ ಊರು ವೈಟ್ ಆರ್ಚರ್ಡ್. ಅಲ್ಲಿ ಒಂದು ಗ್ರಿಫಿನ್, ಅಂದರೆ ಹದ್ದಿನ ತಲೆ, ಸಿಂಹದ ಮೈಯ ಹಾರುವ ಪ್ರಾಣಿ, ಜನರನ್ನು ಕೊಲ್ಲುತ್ತಿರುತ್ತದೆ. ಅದನ್ನು ಮುಗಿಸಿದರೆ ನಮಗೆ ಬೇಕಾದ ಸುದ್ದಿ ಕೊಡುತ್ತೇನೆ ಅನ್ನುತ್ತಾನೆ ನಿಲ್ಫ್‌ಗಾರ್ಡಿನ ಕ್ಯಾಪ್ಟನ್.

ಈ ಕ್ಯಾಪ್ಟನ್‌ನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾವು ಹೋದಾಗ ಅವನು ಊರಿನ ರೈತನೊಬ್ಬನ ಜೊತೆ ಧಾನ್ಯದ ಲೆಕ್ಕ ಮಾತಾಡುತ್ತಿರುತ್ತಾನೆ. ಗದರುವುದಿಲ್ಲ, ಬಯ್ಯುವುದಿಲ್ಲ. ನಾನೂ ಹೊಲ ಗೇಯ್ದವನೇ ಅಂತ ತನ್ನ ಕೈ ತೋರಿಸುತ್ತಾನೆ, ಆಗುವಷ್ಟು ಧಾನ್ಯ ತಂದುಕೊಡು ಸಾಕು ಅನ್ನುತ್ತಾನೆ. ಪರವಾಗಿಲ್ಲ, ಒಳ್ಳೆಯ ಮನುಷ್ಯ ಅಂತ ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಗ್ರಿಫಿನ್ ಕೊಂದು ವಾಪಸ್ ಬಂದರೆ ಅದೇ ರೈತ ಅಲ್ಲಿ ನಿಂತಿದ್ದಾನೆ. ಕೊಳೆತ ಧಾನ್ಯ ತಂದಿದ್ದಾನೆ. ಕ್ಯಾಪ್ಟನ್ ದನಿ ಏರಿಸದೆ ಛಡಿಯೇಟಿಗೆ ಹುಕುಂ ಕೊಡುತ್ತಾನೆ, ಆಮೇಲೆ ನಮ್ಮ ಕಡೆ ತಿರುಗಿ ಸುದ್ದಿ ಹೇಳುತ್ತಾನೆ.

ಅಷ್ಟೇ ದೃಶ್ಯ. ಯಾರೂ ಭಾಷಣ ಮಾಡುವುದಿಲ್ಲ. ಆದರೆ ಗೆದ್ದ ಸೈನ್ಯಕ್ಕೂ ಸೋತ ಊರಿಗೂ ಇರುವ ಸಂಬಂಧ ಎಂಥದ್ದು ಅನ್ನುವುದು ಆ ಎರಡು ಭೇಟಿಗಳಲ್ಲಿ ಪೂರ್ತಿ ಬಂದುಬಿಡುತ್ತದೆ. ಕ್ಯಾಪ್ಟನ್ ಕೆಟ್ಟವನಾ? ರೈತ ಬೇಕಂತಲೇ ಮೋಸ ಮಾಡಿದನಾ, ಅಥವಾ ಮನೆಯಲ್ಲಿ ಉಳಿದಿದ್ದೇ ಅದಾ? ಗೇಮ್ ಹೇಳುವುದಿಲ್ಲ. ಸುಖವಾಗಿರುವ ಊರಿನಲ್ಲಿ ಒಂದು ಮೂಟೆ ಧಾನ್ಯಕ್ಕೆ ಇಷ್ಟು ಬೆಲೆ ಬರುವುದೇ ಇಲ್ಲ.

ಇನ್ನು ಆ ಗ್ರಿಫಿನ್. ಅದು ಸುಮ್ನೆ ಊರಿನ ಮೇಲೆ ಬಿದ್ದಿದ್ದಲ್ಲ. ಹುಡುಕುತ್ತಾ ಹೋದರೆ ಗೊತ್ತಾಗುತ್ತದೆ, ನಿಲ್ಫ್‌ಗಾರ್ಡ್ ಸೈನಿಕರು ಅದರ ಜೋಡಿಯನ್ನು ಕೊಂದು ಗೂಡು ಸುಟ್ಟಿದ್ದಾರೆ. ರೊಚ್ಚಿಗೆದ್ದ ಗಂಡು ಗ್ರಿಫಿನ್ ಸೈನಿಕರು, ಹಳ್ಳಿಯವರು ಅಂತ ನೋಡದೆ ಸಿಕ್ಕಸಿಕ್ಕವರನ್ನು ಕೊಲ್ಲುತ್ತಿದೆ. ಇಡೀ ಆಟದಲ್ಲಿ ಹೀಗೇ. ರಣರಂಗದಲ್ಲಿ ಹೂಳದೆ ಬಿಟ್ಟ ಹೆಣಗಳನ್ನು ತಿನ್ನಲು ಗೂಲ್‌ಗಳು ಬರುತ್ತವೆ, ಯುದ್ಧ ಜಾಸ್ತಿಯಾದಷ್ಟೂ ವಿಚರ್‌ಗೆ ಕೆಲಸ ಜಾಸ್ತಿ. ಅಂದರೆ ನಾವು ಕತ್ತಿ ಬೀಸುವ ಪ್ರತಿ ಸಲವೂ ಆ ಯುದ್ಧದ ಕೊಳೆ ತೊಳೆಯುತ್ತಿದ್ದೇವೆ ಅಂತಲೇ ಲೆಕ್ಕ. ಬೇರೆ ಗೇಮ್‌ಗಳಲ್ಲಿ ಕಥೆ ಒಂದು ಕಡೆ, ಹೊಡೆದಾಟ ಇನ್ನೊಂದು ಕಡೆ ಇರುತ್ತದಲ್ಲ, ಇಲ್ಲಿ ಎರಡನ್ನೂ ಹಿಡಿದು ಕಟ್ಟಿರುವುದು ಆ ಹಾಳು ನೆಲವೇ.

ಅದೇ ಊರಿನ ಪಕ್ಕದ ರಣರಂಗದಲ್ಲಿ ಒಬ್ಬ ತನ್ನ ತಮ್ಮನನ್ನು ಹುಡುಕುತ್ತಿರುತ್ತಾನೆ. ಬದುಕಿದ್ದಾನಾ ಗೊತ್ತಿಲ್ಲ, ಹೆಣವಾದರೂ ಸಿಗಲಿ ಅಂತ ನಾಯಿ ಕರೆದುಕೊಂಡು ಬಂದಿದ್ದಾನೆ. ನಾಯಿಯ ಹಿಂದೆ ಹೋದರೆ ಒಂದು ಗುಡಿಸಲಲ್ಲಿ ತಮ್ಮ ಜೀವಂತ ಸಿಗುತ್ತಾನೆ, ಜೊತೆಗೆ ಗಾಯಗೊಂಡು ಮಲಗಿರುವ ಒಬ್ಬ ನಿಲ್ಫ್‌ಗಾರ್ಡ್ ಸೈನಿಕ. ಇವನು ನನ್ನ ಜೀವ ಉಳಿಸಿದ, ಇವನನ್ನು ಬಿಟ್ಟು ಬರಲ್ಲ ಅನ್ನುತ್ತಾನೆ ತಮ್ಮ. ಶತ್ರುವನ್ನು ಮನೆಗೆ ಹೇಗೆ ಕರೆದುಕೊಂಡು ಹೋಗಲಿ ಅನ್ನುತ್ತಾನೆ ಅಣ್ಣ. ಏನು ಹೇಳಬೇಕು ಅನ್ನುವುದು ನಮಗೆ ಬಿಟ್ಟಿದ್ದು. ಅಲ್ಲಿಯವರೆಗೆ ನಾನು ಅದೇ ರಣರಂಗದಲ್ಲಿ ಹೆಣಗಳ ಜೇಬು ತಡಕಾಡುತ್ತಿದ್ದೆ, ಗೇಮ್‌ಗಳಲ್ಲಿ ಎಲ್ಲರೂ ಮಾಡುವ ಹಾಗೆ. ಆಮೇಲೆ ಅಲ್ಲಿ ಕೈ ಹಾಕಲು ಮನಸ್ಸು ಬರಲಿಲ್ಲ.

ಮುಂದಿನ ಪ್ರದೇಶ ವೆಲೆನ್. ಎರಡು ಸೈನ್ಯಗಳ ನಡುವೆ ಸಿಕ್ಕಿ ಯಾರಿಗೂ ಸೇರದೆ ಉಳಿದ ನೆಲ. ಕಾಲಿಡುತ್ತಿದ್ದ ಹಾಗೆ ಒಂದು ದೊಡ್ಡ ಮರ, ಕೊಂಬೆಕೊಂಬೆಗೂ ನೇತುಹಾಕಿದ ಹೆಣಗಳು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಇಲ್ಲಿನ ಗೌಡ ಬ್ಲಡಿ ಬ್ಯಾರನ್ ಅನ್ನುವವನು. ತೆಮೇರಿಯಾ ಸೈನ್ಯದಲ್ಲಿದ್ದವನು, ಸೋತ ಮೇಲೆ ತನ್ನ ಜನ ಕಟ್ಟಿಕೊಂಡು ಖಾಲಿ ಬಿದ್ದ ಕೋಟೆ ಹಿಡಿದು ತನಗೆ ತಾನೇ ಬ್ಯಾರನ್ ಅಂತ ಹೆಸರಿಟ್ಟುಕೊಂಡಿದ್ದಾನೆ. ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಡು ಅನ್ನುತ್ತಾನೆ. ಹುಡುಕುತ್ತಾ ಹೋದ ಹಾಗೆ ಒಂದೊಂದೇ ಹೊರಬರುತ್ತದೆ. ವರ್ಷಗಟ್ಟಲೆ ಯುದ್ಧಕ್ಕೆ ಹೋಗುತ್ತಿದ್ದ, ಬಂದಾಗ ಕುಡಿಯುತ್ತಿದ್ದ, ಹೆಂಡತಿಗೆ ಹೊಡೆಯುತ್ತಿದ್ದ. ಅವಳ ಬಸಿರು ಹೋಗಿದೆ, ಆ ಮಗುವನ್ನು ಹೆಸರೂ ಇಡದೆ ಹೂತಿದ್ದಾನೆ, ಅದು ಪ್ರೇತವಾಗಿ ಎದ್ದಿದೆ. ನಾವು ಅದನ್ನು ಕೊಲ್ಲಬಹುದು. ಇಲ್ಲವಾದರೆ ಬ್ಯಾರನ್ ಕೈಗೇ ಕೊಟ್ಟು ಎತ್ತಿಕೊಂಡು ನಡೆಸಬಹುದು. ಆ ದಪ್ಪ ಮನುಷ್ಯ ವಿಕಾರವಾದ ಆ ಕೂಸನ್ನು ಎದೆಗೊತ್ತಿಕೊಂಡು ಹೊಸ್ತಿಲವರೆಗೆ ಹೋಗಿ, ಅದಕ್ಕೊಂದು ಹೆಸರಿಟ್ಟು, ಮಗಳೇ ಅಂತ ಕರೆದು ಮಣ್ಣು ಮಾಡುತ್ತಾನೆ.

ಯುದ್ಧ ಅವನನ್ನು ಹಾಗೆ ಮಾಡಿತು ಅಂತ ಗೇಮ್ ಅವನನ್ನು ಬಿಟ್ಟುಬಿಡುವುದಿಲ್ಲ. ಹೊಡೆದವನು ಅವನೇ. ಆದರೆ ಮನೆಯೊಳಗಿನ ಹಾಳು ಮತ್ತು ಹೊರಗಿನ ಹಾಳು ಒಂದರೊಳಗೊಂದು ಸೇರಿಕೊಂಡಿರುವುದು ನಮಗೆ ಕಾಣುತ್ತದೆ. ಈ ಕಥೆಯನ್ನೇ ಹಸಿರು ಗದ್ದೆಯ, ನೆಮ್ಮದಿಯ ಊರಿನಲ್ಲಿ ಹೇಳಿದ್ದರೆ ಅದು ಒಬ್ಬ ಕುಡುಕನ ಮನೆಯ ಗಲಾಟೆಯಾಗಿ ಉಳಿಯುತ್ತಿತ್ತು.

ಈ ಗೇಮ್ ಮಾಡಿದವರ ಕಚೇರಿ ಇರುವುದು ವಾರ್ಸಾದಲ್ಲಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ನಗರದ ಬಹುಪಾಲು ನೆಲಸಮವಾಗಿತ್ತು, ಈಗ ಅಲ್ಲಿ ಕಾಣುವ ಹಳೇ ಪೇಟೆ ಯುದ್ಧದ ನಂತರ ಮತ್ತೆ ಕಟ್ಟಿದ್ದು. ವೆಲೆನ್‌ನಲ್ಲಿ ಓಡಾಡುವಾಗ ನನಗೆ ಇದು ನೆನಪಾಗುತ್ತಲೇ ಇರುತ್ತದೆ.

ಎಲ್ಡನ್ ರಿಂಗ್ ದಾರಿ ಪೂರ್ತಿ ಬೇರೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ 2022ರಲ್ಲಿ ತಂದ ಗೇಮ್, ನಿರ್ದೇಶಕ ಹಿದೆತಾಕ ಮಿಯಾಝಾಕಿ. ಅದರಲ್ಲಿ ಯುದ್ಧ ಯಾವತ್ತೋ ಮುಗಿದಿದೆ. ರಾಣಿ ಮರಿಕಾಳ ಮಕ್ಕಳು, ಆ ನಾಡಿನ ನಿಯಮವನ್ನೇ ಹಿಡಿದಿಟ್ಟಿದ್ದು ಈಗ ಮುರಿದಿರುವ ಎಲ್ಡನ್ ರಿಂಗ್‌ನ ಚೂರುಗಳಿಗಾಗಿ ಹೊಡೆದಾಡಿ ಯಾರೂ ಗೆಲ್ಲದೆ ಸುಮ್ಮನಾಗಿದ್ದಾರೆ. ಮಾತಾಡಿಸಲು ಜನವೇ ಕಮ್ಮಿ. ನೆಲ ನೋಡಿ ತಿಳಿದುಕೊಳ್ಳಬೇಕು.

ಕೇಲಿಡ್ ಅನ್ನುವ ಪ್ರದೇಶಕ್ಕೆ ಹಸಿರು ಬಯಲಿನಿಂದ ಪೂರ್ವಕ್ಕೆ ಹೋದರೆ ಆಕಾಶ, ಮಣ್ಣು, ಮರ ಎಲ್ಲ ಕೆಂಪಾಗುತ್ತವೆ. ಮೊದಲ ಸಲ ಅದು ಬರೀ ಭಯಂಕರ ಜಾಗ. ಆಮೇಲೆ ದಾರಿಯಲ್ಲಿ ಉರಿಯುತ್ತಿರುವ ಗೋಡೆಗಳು ಕಾಣುತ್ತವೆ. ಸೈನಿಕರು ಬೆಂಕಿ ಹಿಡಿದು ಕೊಳೆತ ಪ್ರಾಣಿಗಳನ್ನು ಸುಡುತ್ತಿರುತ್ತಾರೆ. ನಮ್ಮ ಮೇಲೂ ಬೀಳುತ್ತಾರೆ, ನಿಜ, ಆದರೆ ನಿಂತು ನೋಡಿದರೆ ಗೊತ್ತಾಗುತ್ತದೆ, ಈ ಕೊಳೆಯುವ ರೋಗ ಮುಂದೆ ಹರಡದ ಹಾಗೆ ಅವರು ಇವತ್ತಿಗೂ ತಡೆಯುತ್ತಿದ್ದಾರೆ. ಅಲ್ಲಲ್ಲಿ ನಮ್ಮ ಊರುಗಳ ವೀರಗಲ್ಲಿನ ಹಾಗೆ ಒಂದೊಂದು ಗುರುತು, ಯಾವ ಯುದ್ಧ ಇಲ್ಲಿ ನಡೆಯಿತು ಅಂತ ಒಂದೆರಡು ಸಾಲು. ಚೂರುಗಳಿಗಾಗಿ ಹೊಡೆದಾಡಿದವರಲ್ಲಿ ಇಬ್ಬರಾದ ರಾಡಾನ್ ಮತ್ತು ಮಲೇನಿಯಾ ಸಮಸಮವಾಗಿ ಹೋರಾಡಿದರು, ಕೊನೆಗೆ ಮಲೇನಿಯಾಳ ಮೈಯೊಳಗಿದ್ದ ಆ ಕೊಳೆರೋಗ ಹೂವಿನಂತೆ ಅರಳಿ ಇಡೀ ಸೀಮೆಯನ್ನು ತಿಂದಿತು. ಕೇಲಿಡ್ ನಡುವೆ ನಾವು ಕುದುರೆ ಓಡಿಸಿಕೊಂಡು ದಾಟಿದ ಜೌಗು ನೆಲ ಅದೇ ಜಾಗ.

ರಾಡಾನ್ ಸಿಗುವ ಹೊತ್ತಿಗೆ ಅವನಿಗೆ ಬುದ್ಧಿ ಉಳಿದಿಲ್ಲ, ತನ್ನವರು ಪರರು ಅನ್ನದೆ ಹೆಣ ತಿನ್ನುತ್ತಿದ್ದಾನೆ. ಬೆಟ್ಟದಂಥ ಮೈ, ಅದರ ಕೆಳಗೆ ಒಂದು ಬಡಕಲು ಕುದುರೆ. ನೋಡಿದ ಕೂಡಲೇ ವಿಚಿತ್ರ ಅನ್ನಿಸುತ್ತದೆ. ಅವನನ್ನು ಸೋಲಿಸಿದ ಮೇಲೆ ಸಿಗುವ ವಸ್ತುವಿನ ವಿವರಣೆ ಓದಿದರೆ, ಅವನು ಚಿಕ್ಕವನಿದ್ದಾಗ ಭಾರ ನಿಯಂತ್ರಿಸುವ ವಿದ್ಯೆ ಕಲಿತಿದ್ದೇ ಆ ಪ್ರೀತಿಯ ಕುದುರೆಯನ್ನು ಎಂದೂ ಬಿಡಬಾರದು ಅಂತ. ಎಲ್ಲ ಕಳೆದುಕೊಂಡ ಮೇಲೂ ಅದೊಂದನ್ನು ಬಿಟ್ಟಿಲ್ಲ. ನಾವು ಅದನ್ನು ಓದುವುದು ಅವನನ್ನು ಕೊಂದ ಮೇಲೆ.

ಹೀಗೆ ಕೊನೆಯಿಂದ ಹಿಂದಕ್ಕೆ ನೋಡಿ ಕಥೆ ಹೇಳುವುದು ಕನ್ನಡದವರಿಗೆ ಹೊಸದೇನಲ್ಲ. ಹತ್ತನೇ ಶತಮಾನದಲ್ಲೇ ರನ್ನ ಇಡೀ ಮಹಾಭಾರತವನ್ನು ಅದರ ಕೊನೆಯ ದಿನದಲ್ಲಿ ನಿಂತು ಸಿಂಹಾವಲೋಕನದಲ್ಲಿ ಹೇಳಿದ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಾನೆ. ದ್ರೋಣ, ತನ್ನ ಮಗ, ದುಶ್ಶಾಸನ, ಕರ್ಣ, ಒಬ್ಬೊಬ್ಬರಾಗಿ ಸಿಗುತ್ತಾರೆ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಮೆಚ್ಚಿ ಮರುಗುತ್ತಾನೆ. ಯುದ್ಧ ನಡೆಯುವಾಗ ಅವನಿಗೆ ನಿಂತು ನೋಡುವಷ್ಟು ಪುರಸೊತ್ತಿರಲಿಲ್ಲ. ಕೇಲಿಡ್‌ನಲ್ಲಿ ನಡೆಯುವಾಗ ನಮಗೂ ಆ ಪುರಸೊತ್ತು ಸಿಗುತ್ತದೆ.

ನಿಂಟೆಂಡೋದ ಬ್ರೆತ್ ಆಫ್ ದ ವೈಲ್ಡ್ (2017) ಬಗ್ಗೆ ಒಂದೇ ಜಾಗ ಹೇಳುತ್ತೇನೆ. ನಾಯಕ ಲಿಂಕ್ ನೂರು ವರ್ಷ ಮಲಗಿ ಎದ್ದವನು, ನೆನಪು ಹೋಗಿದೆ. ಹಟೇನೋ ಕೋಟೆಯ ಗೋಡೆ ಎದುರಿನ ಬಯಲಲ್ಲಿ ಊರಿನ ಮೇಲೆ ಬಿದ್ದ ಗಾರ್ಡಿಯನ್ ಅನ್ನುವ ಯುದ್ಧಯಂತ್ರಗಳು ರಾಶಿರಾಶಿ ಸತ್ತು ಬಿದ್ದಿವೆ. ಗೋಡೆ ದಾಟಿದರೆ ಆಚೆ ಹಟೇನೋ ಹಳ್ಳಿ, ಮಕ್ಕಳು ಆಡುತ್ತಿದ್ದಾರೆ, ಅಂಗಡಿ ತೆರೆದಿದೆ. ಯಾರೋ ಇಲ್ಲಿ ನಿಂತು ತಡೆದಿದ್ದಾರೆ ಅಂತ ನಮಗೆ ಮೊದಲು ಹೊಳೆಯುತ್ತದೆ. ಲಿಂಕ್ ಬಿದ್ದಿದ್ದು ಅಲ್ಲೇ, ರಾಜಕುಮಾರಿ ಜೆಲ್ಡಾಳ ಶಕ್ತಿ ಎದ್ದಿದ್ದೂ ಅಲ್ಲೇ ಅನ್ನುವ ನೆನಪು ಬರುವುದು ಆಮೇಲೆ.

ಗೇಮ್ ಕಥೆಗೆ ಹಾಳೂರು ಚೆನ್ನಾಗಿ ಒಗ್ಗುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಗೇಮ್‌ನಲ್ಲಿ ತುಂಬಿದ ಊರು ಮಾಡುವುದು ಬಹಳ ಕಷ್ಟ. ದೊಡ್ಡ ಪೇಟೆ ಕಟ್ಟಿ ಜನ ತುಂಬಿಸಿದರೆ ಅವರಲ್ಲಿ ಅರ್ಧಕ್ಕರ್ಧ ಅದೇ ಎರಡು ಮಾತು ಹೇಳುತ್ತಾರೆ, ನಂಬಿಕೆ ಅಲ್ಲೇ ಮುರಿಯುತ್ತದೆ. ಪಾಳುಬಿದ್ದ ನಾಡಿನಲ್ಲಿ ಮೌನಕ್ಕೆ ಕಾರಣ ಇದೆ. ಖಾಲಿ ಮನೆಗೆ, ಬಾಗಿಲು ತೆರೆದ ಉಗ್ರಾಣಕ್ಕೆ ಕಾರಣ ಇದೆ.

ಹಾಗಂತ ಎಲ್ಲ ಹಾಳೂರೂ ಆಳವಾಗಿರುವುದಿಲ್ಲ. ತಲೆಬುರುಡೆ, ಹೊಗೆ, ಮುರಿದ ಕಂಬ ಸುಮ್ನೆ ಅಲಂಕಾರಕ್ಕೆ ಚೆಲ್ಲಿದ ಗೇಮ್‌ಗಳು ಬೇಕಾದಷ್ಟಿವೆ. ನಾನು ನೋಡುವುದು ಇಷ್ಟು: ಈ ಮನೆ ಸುಟ್ಟವರು ಯಾರು, ಇಲ್ಲಿದ್ದವರು ಎಲ್ಲಿಗೆ ಹೋದರು ಅಂತ ಕೇಳಿದರೆ ಗೇಮ್‌ನೊಳಗೆ ಉತ್ತರ ಇದೆಯಾ? ಇಲ್ಲದಿದ್ದರೆ ಅದು ಬರೀ ಬಣ್ಣ, ನಾನು ಬೇಗ ಬಿಟ್ಟುಬಿಡುತ್ತೇನೆ.

ಸರಿ, ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ: ದಿ ವಿಚರ್ 3 ತಗೊಳ್ಳಿ. ವೈಟ್ ಆರ್ಚರ್ಡ್‌ನಲ್ಲಿ ಗ್ರಿಫಿನ್ ಕೆಲಸಕ್ಕೆ ಅವಸರ ಮಾಡದೆ ಮೊದಲು ನಾಯಿ ಕರೆದುಕೊಂಡು ತಮ್ಮನನ್ನು ಹುಡುಕುತ್ತಿರುವವನನ್ನು ಮಾತಾಡಿಸಿ. ಎಲ್ಡನ್ ರಿಂಗ್ ಕಷ್ಟದ ಗೇಮ್, ಅದು ಆಮೇಲೆ. ಆಡುವಾಗ ಸಿಕ್ಕಿದ ಪ್ರತಿ ವಸ್ತುವಿನ ವಿವರಣೆ ಓದಿ, ಅರ್ಧ ಕಥೆ ಇರುವುದು ಅಲ್ಲೇ.