ಆಸ್ಕರ್ ಮೀನು ತರುವ ಮುಂಚೆ ಹಾಲ್ ಅಳತೆ ನೋಡಿ

ಅಕ್ವೇರಿಯಂ ಅಂಗಡಿಯಲ್ಲಿ ಆಸ್ಕರ್ ಮೀನಿನ ಮರಿ 2 ಇಂಚು ಇರುತ್ತದೆ. ಕಪ್ಪು ಮೈ, ಅದರ ಮೇಲೆ ಕಿತ್ತಳೆ ಪಟ್ಟೆ, ದೊಡ್ಡ ಕಣ್ಣು. ಯಾರಿಗಾದರೂ ಆಸೆಯಾಗುತ್ತದೆ. ಆದರೆ ಚೆನ್ನಾಗಿ ತಿಂದರೆ ಅದು ಮೊದಲ ವರ್ಷ ತಿಂಗಳಿಗೆ ಹೆಚ್ಚುಕಡಿಮೆ ಒಂದು ಇಂಚು ಬೆಳೆಯುತ್ತದೆ. ಪೂರ್ತಿ ಬೆಳೆದರೆ ಒಂದು ಅಡಿ. ಹತ್ತು ವರ್ಷಕ್ಕೂ ಜಾಸ್ತಿ ಬದುಕುವ ಮೀನು. 2 ಅಡಿ ಟ್ಯಾಂಕ್‌ನಲ್ಲಿ ಇಟ್ಟರೆ ಅದು ತಿರುಗುವುದಾದರೂ ಎಲ್ಲಿ?

ಕುವೆಂಪುನಗರದ ನಮ್ಮ ಮನೆ ಹಾಲ್‌ನಲ್ಲಿ ಒಂದು ಟೈಗರ್ ಆಸ್ಕರ್ ಇದೆ. ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. ಅಂಚಿನವರೆಗೂ ತುಂಬಿದರೆ ಸುಮಾರು 340 ಲೀಟರ್. ನೀರಿನದೇ 340 ಕೆಜಿ ಆಯ್ತು, ಗಾಜು ಬೇರೆ. ಅದಕ್ಕೇ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೆ ಥರ್ಮಾಕೋಲ್ ಹಾಸಿ ಕೂರಿಸಿದ್ದೇವೆ. "ಒಂದು ಮೀನಿಗೆ ಇಷ್ಟೊಂದಾ?" ಅಂದಿದ್ದರು ನಮ್ಮತ್ತೆ. ಈಗ ಬೆಳಿಗ್ಗೆ ಎದ್ದು ಮೊದಲು ಮಾತಾಡಿಸುವುದು ಅವರೇ. "ಏನೋ ಕಂದ, ಹೊಟ್ಟೆ ಹಸೀತಾ?" ಅಂದರೆ ಸಾಕು, ಅದು ಗಾಜಿನ ಹತ್ತಿರ ಬಂದು ಇಡೀ ಮೈ ಆಡಿಸುತ್ತದೆ. ಹೊಸಬರು ಬಂದರೆ ಹಿಂದಿನ ಮೂಲೆ ಸೇರುತ್ತದೆ. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದೊಳಗೆ ಕಪ್ಪು ಚುಕ್ಕೆ ಇದೆ, ದೂರದಿಂದ ಅದೂ ಒಂದು ಕಣ್ಣೇ ಅನ್ನಿಸುತ್ತದೆ.

ನಿಜವಾದ ಕೆಲಸ ನೀರಿನದು. ಆಸ್ಕರ್ ತಿನ್ನುವುದು ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಆ ಗಲೀಜಿನಿಂದ ಅಮೋನಿಯಾ ಬರುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ಕಡಿಮೆಯಾಗಬೇಕು ಅಂದರೆ ನೀರು ಬದಲಾಯಿಸಲೇಬೇಕು. ನಾನು ಭಾನುವಾರ ಮೂರರಲ್ಲಿ ಒಂದು ಭಾಗ ತೆಗೆಯುತ್ತೇನೆ. ಕಾವೇರಿ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ವಾ, ಅದಕ್ಕೆ ಹಿಂದಿನ ದಿನವೇ ಡ್ರಮ್‌ಗಳಲ್ಲಿ ಹಿಡಿದು ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟಿರುತ್ತೇನೆ, ಕ್ಲೋರಿನ್ ಹೋಗಲಿ ಅಂತ. ಫಿಲ್ಟರ್ ಸ್ಪಂಜನ್ನು ಕೂಡ ಟ್ಯಾಂಕ್‌ನಿಂದ ತೆಗೆದ ನೀರಲ್ಲೇ ಹಿಂಡುತ್ತೇನೆ. ನಲ್ಲಿ ಕೆಳಗೆ ತೊಳೆದರೆ ಒಳ್ಳೆ ಬ್ಯಾಕ್ಟೀರಿಯಾವೂ ಸಾಯುತ್ತವೆ. ಹಳೆ ನೀರೆಲ್ಲ ಹಿತ್ತಲ ಬಾಳೆಗೆ. ಗೊನೆ ನೋಡಬೇಕು ನೀವು!

ನೀರು ಬದಲಾಯಿಸಿದ ದಿನ ನಮ್ಮವನಿಗೆ ಮುನಿಸು. ತಳಕ್ಕೆ ಹೋಗಿ ಒಂದು ಪಕ್ಕಕ್ಕೆ ವಾಲಿಕೊಂಡು ಮಲಗುತ್ತಾನೆ. ಊಟ ಹಾಕಿದರೂ ತಿರುಗಿ ನೋಡುವುದಿಲ್ಲ. ಗೊತ್ತಿಲ್ಲದವರು ಸತ್ತೇ ಹೋಯ್ತು ಅಂತ ಗಾಬರಿಯಾಗುತ್ತಾರೆ. ಕಿವಿರು ಸರಿಯಾಗಿ ಆಡುತ್ತಿದೆಯಾ ನೋಡಿ, ಸುಮ್ನೆ ಬಿಡಿ. ಸಂಜೆಗೆ ಎದ್ದು ಕಲ್ಲು ತಳ್ಳಲು ಶುರು ಮಾಡುತ್ತಾನೆ. ಆದರೆ ತಲೆ ಮೇಲೆ, ಕಣ್ಣಿನ ಸುತ್ತ ಸಣ್ಣ ಸಣ್ಣ ಗುಳಿ ಕಂಡರೆ ಅದು ಮುನಿಸಲ್ಲ, ಕಾಯಿಲೆ. ಕೆಟ್ಟ ನೀರಿನಲ್ಲಿ ಇರುವ, ಒಂದೇ ಥರದ ಆಹಾರ ತಿನ್ನುವ ಆಸ್ಕರ್‌ಗಳಲ್ಲಿ ಅದು ಜಾಸ್ತಿ.

ಊಟಕ್ಕೆ ಪೆಲೆಟ್ ಅಂದರೆ ಒಣ ಕಾಳಿನಂಥ ಮೀನಿನ ಆಹಾರ, ಜೊತೆಗೆ ಆಗಾಗ ಸಿಪ್ಪೆ ಸುಲಿದ ಸಿಗಡಿ, ಮಳೆಗಾಲದಲ್ಲಿ ಎರೆಹುಳ. ಜೀವಂತ ಗೋಲ್ಡ್‌ಫಿಶ್ ಹಾಕಿ ವಿಡಿಯೋ ಮಾಡುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಅದರಿಂದ ರೋಗ ಬರಬಹುದು. ಜೊತೆಗೆ ಗೋಲ್ಡ್‌ಫಿಶ್‌ನಲ್ಲಿರುವ ಥಯಾಮಿನೇಸ್ ಅನ್ನುವ ಕಿಣ್ವ ಬಿ1 ವಿಟಮಿನ್ನನ್ನೇ ಹಾಳು ಮಾಡುತ್ತದೆ.

ಅಮೆಜಾನ್ ಕಡೆಯ ಮೀನು, 25 ಡಿಗ್ರಿ ಆಸುಪಾಸಿನ ನೀರು ಬೇಕು. ಮೈಸೂರಿನ ಡಿಸೆಂಬರ್ ಚಳಿಗೆ ಹೀಟರ್ ಇಲ್ಲದೆ ಆಗುವುದಿಲ್ಲ. ಹೀಟರ್‌ಗೆ ಗಾರ್ಡ್ ಹಾಕಿ, ಇಲ್ಲದಿದ್ದರೆ ಮೀನು ಗುದ್ದಿ ಒಡೆದುಬಿಡುತ್ತದೆ.

ಇನ್ನೊಂದು ವಿಷಯ. ಸಾಕಲು ಆಗದಿದ್ದರೆ ದಯವಿಟ್ಟು ಕೆರೆಗೋ ಕಾವೇರಿಗೋ ಬಿಡಬೇಡಿ. ಅಲ್ಲಿ ನಮ್ಮದೇ ಮೀನುಗಳಿವೆ, ಅಳಿವಿನಂಚಿನಲ್ಲಿರುವ ಮಹಶೀರ್ ಕೂಡ ಇದೆ. ಅಂಗಡಿಗೆ ವಾಪಸ್ ಕೊಡಿ, ಇಲ್ಲ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ. ಮರಿ ತರಬೇಕು ಅಂತಿರುವವರು ಹಾಲ್ ಅಳತೆ ಬರೆದು ಕಾಮೆಂಟ್ ಹಾಕಿ. ಎಷ್ಟು ದೊಡ್ಡ ಟ್ಯಾಂಕ್ ಹಿಡಿಸುತ್ತದೆ, ಸ್ಟ್ಯಾಂಡ್ ಹೇಗೆ ಮಾಡಿಸಬೇಕು, ಎಲ್ಲ ಹೇಳುತ್ತೇನೆ.