ಇನ್ಸ್‌ಪೆಕ್ಷನ್ ದಿನ ಹಿಂದಿನ ಗುಂಡಿ ಹತ್ರ ಕರ್ಕೊಂಡು ಹೋಗಿ

ಕಾರವಾರ ಬದಿಯ ಒಂದು ಮೀನು ಪ್ರೊಸೆಸಿಂಗ್ ಪ್ಲಾಂಟ್‌ನಲ್ಲಿ ನಾನು ಮೆಂಟೆನೆನ್ಸ್ ಸೂಪರ್‌ವೈಸರ್. ಫ್ಯಾಕ್ಟರಿ ಇನ್ಸ್‌ಪೆಕ್ಷನ್ ಅಂದ ಕೂಡ್ಲೇ ಆಫೀಸಲ್ಲಿ ಏನೇನು ಓಡಾಟ ಇರ್ತದೆ ಅಂತ ಇಂಥ ಕಡೆ ದುಡಿದವ್ರಿಗೆ ಹೇಳ್ಬೇಕಾಗಿಲ್ಲ. ಹಾಜರಿ ಪುಸ್ತಕ, ಓಟಿ ರಿಜಿಸ್ಟರ್, ಫಸ್ಟ್ ಏಡ್ ಬಾಕ್ಸ್, ಬೆಂಕಿ ಸಿಲಿಂಡರ್ ಮೇಲಿನ ತಾರೀಖು, ಕಂಪ್ರೆಸರ್ ಬೆಲ್ಟಿನ ಗಾರ್ಡ್. ಇದೆಲ್ಲ ಬೇಕೇ ಬೇಕು. ಆದ್ರೆ ಇದನ್ನ ನೋಡೋದ್ರಲ್ಲೇ ಬಂದವ್ರ ಟೈಮ್ ಮುಗೀತದೆ, ಹಿಂದುಗಡೆ ಕೊಳಚೆ ನೀರಿನ ಸಂಪ್ ಹತ್ರ ಯಾರೂ ಹೋಗೋದಿಲ್ಲ, ಅಲ್ಲಿ ನಿಲ್ಲೋಕೆ ಆಗದಷ್ಟು ವಾಸನೆ ಬೇರೆ.

ನನಗೆ ನಿದ್ದೆ ಕೆಡಿಸೋದು ಆ ಸಂಪ್. ಮೀನು ತೊಳೆದ ನೀರು, ರಕ್ತ, ಕರುಳು, ಸಿಗಡಿ ಸಿಪ್ಪೆ ಎಲ್ಲ ಅಲ್ಲಿಗೇ ಹೋಗಿ ಕೂರ್ತದೆ. ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯೋದಕ್ಕೆ ನಿಷೇಧ, ಬೋಟ್ ಇಳಿಯೋದಿಲ್ಲ, ಪ್ಲಾಂಟ್ ಖಾಲಿ, ಕ್ಲೀನಿಂಗ್ ಮಾಡೋದು ಅವಾಗ್ಲೇ, ಅಷ್ಟರಲ್ಲಿ ತಳದ ಕೆಸರು ಕೊಳೆತು ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಆಗಿರ್ತದೆ. ಅದು ಗಾಳಿಗಿಂತ ಭಾರ, ಕೆಳಗೇ ನಿಲ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ, ಆಮೇಲೆ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳೀಲಿ ನೂರು ಭಾಗ) ಹತ್ರ ಬಂದ್ರೆ ಮೂಗೇ ಸತ್ತು ವಾಸನೆ ಗೊತ್ತಾಗೋದಿಲ್ಲ, ಒಳಗಿದ್ದವ ವಾಸನೆ ಹೋಯ್ತು ಅಂತ ಧೈರ್ಯ ಮಾಡಿ ಇನ್ನೂ ಕೆಳಗೆ ಇಳೀತಾನೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಎಸ್‌ಇಝಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ಮೀನಿನ ತ್ಯಾಜ್ಯದ ಟ್ಯಾಂಕಲ್ಲಿ ಐದು ಜನ ಹೋದ್ರಲ್ಲ, ಅದೂ ಒಬ್ಬ ಬಿದ್ದ ಅಂತ ಉಳಿದವ್ರು ಎತ್ತಲಿಕ್ಕೆ ಇಳಿದೇ ಹೋಗಿದ್ದು. ಬಂಗಾಳದಿಂದ ದುಡೀಲಿಕ್ಕೆ ಬಂದ ಹುಡುಗ್ರು.

ನಮ್ಮಲ್ಲಿ ಗ್ಯಾಸ್ ಮೀಟರ್‌ಗೆ ನಾನು ಕೊಟ್ಟ ಕೊಟೇಶನ್ ಫೈಲಲ್ಲೇ ಬಿದ್ದಿತ್ತು. ಮಾಲೀಕರು ಕೆಟ್ಟವ್ರಲ್ಲ, ಕರೆಂಟ್ ಬಿಲ್ಲು, ಐಸು, ಕಂಟೇನರ್ ಬಾಡಿಗೆ ಅಂತ ಖರ್ಚಿನ ಮಧ್ಯ ಇದರ ಸರದಿ ಬರ್ತಾನೇ ಇರ್ಲಿಲ್ಲ. ಅದಕ್ಕೆ ಒಂದು ವರ್ಷ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಮೇಡಂ ಬಂದಾಗ, ಮ್ಯಾನೇಜರ್ ಕಣ್ಣಲ್ಲೇ ಬೇಡ ಅಂದ್ರೂ, "ಮೇಡಂ, ಹಿಂದಿನ ಸಂಪ್ ಒಂದು ನೋಡ್ಬೇಕು" ಅಂದೆ. ಬಂದ್ರು. ಅಲ್ಲಿನ ಎಚ್ಚರಿಕೆ ಬೋರ್ಡ್ ಓದಿದ್ರು, ಇಂಗ್ಲಿಷ್ ಮತ್ತು ಕನ್ನಡದಲ್ಲಿತ್ತು. ಅಲ್ಲಿದ್ದ ಒಡಿಶಾದ ಹುಡುಗನ್ನ ಕರೆದು ಹಿಂದೀಲಿ ಕೇಳಿದ್ರು, ಒಳಗೆ ನಿನ್ನ ಜೊತೆಯವ ಬಿದ್ರೆ ಏನ್ ಮಾಡ್ತೀಯಪ್ಪಾ ಅಂತ. ಅವ ಒಂದು ಕ್ಷಣನೂ ಯೋಚಿಸ್ಲಿಲ್ಲ, ಇಳಿದು ಎತ್ಕೊಂಡು ಬರ್ತೇನೆ ಅಂದ.

ಮೇಡಂ ಅವನಿಗೆ ಬೈಲಿಲ್ಲ. ಮ್ಯಾನೇಜರ್ ಕಡೆ ತಿರುಗಿ, ಈ ಹುಡುಗನ ಒಳ್ಳೆತನಾನೇ ಇವನ ಜೀವ ತೆಗೀತದೆ ಅಂದ್ರು. ರಿಮಾರ್ಕ್ ಬರೆದ್ರು, 1948ರ ಫ್ಯಾಕ್ಟರೀಸ್ ಆಕ್ಟ್‌ನ ಸೆಕ್ಷನ್ 36: ಗ್ಯಾಸ್ ಪರೀಕ್ಷೆ ಮಾಡಿ ಬಲ್ಲವ್ರು ಲಿಖಿತ ಸರ್ಟಿಫಿಕೇಟ್ ಕೊಡ್ಬೇಕು, ಇಲ್ಲಾಂದ್ರೆ ಉಸಿರಾಟದ ಉಪಕರಣ, ಬೆಲ್ಟು, ಹಗ್ಗ ಹಾಕ್ಕೊಂಡು, ಹಗ್ಗದ ಇನ್ನೊಂದು ತುದಿ ಹೊರಗೆ ಒಬ್ರ ಕೈಯಲ್ಲಿ ಇರ್ಬೇಕು, ಆಮೇಲೇ ಇಳಿಯೋದು. ಬೋರ್ಡ್ ವಿಷಯನೂ ಬರೆದ್ರು, ಇಳಿಯೋವ್ನಿಗೆ ಓದೋಕೆ ಬರೋ ಭಾಷೆಯಲ್ಲಿ ಇರ್ಲಿ ಅಂತ.

ನನ್ನ ಕೊಟೇಶನ್‌ಗೆ ಆಗದ ಕೆಲಸ ಆ ಕಾಗದದಿಂದ ಆಯ್ತು. ನಾಲ್ಕು ಗ್ಯಾಸ್ ತೋರಿಸೋ ಮೀಟರ್, ಗಾಳಿ ಊದೋ ಬ್ಲೋವರ್, ಹಗ್ಗ ಸುತ್ತಿ ಎತ್ತೋ ವಿಂಚ್ ಇರೋ ಮೂರು ಕಾಲಿನ ಟ್ರೈಪಾಡ್ ಬಂತು. ಈಗ ಆದಷ್ಟು ಕೆಸರನ್ನ ಮೇಲಿಂದ್ಲೇ ಪಂಪ್ ಹಾಕಿ ತೆಗೀತೇವೆ, ಇಳಿಯೋದು ಕೊನೆಗೆ, ಬೇಕಾದ್ರೆ ಮಾತ್ರ. ಬಿದ್ದವನನ್ನ ವಿಂಚ್ ತಿರುಗಿಸಿ ಎತ್ತೋದನ್ನ ಮರಳು ಚೀಲ ಕಟ್ಟಿ ಎಲ್ಲರ ಕೈಲೂ ಮಾಡಿಸ್ತೇನೆ, ಅಡುಗೆ ಮಾಡೋ ಅಕ್ಕನ ಕೈಲೂ.

ರಿಮಾರ್ಕ್ ಬಂದ್ರೆ ಮರ್ಯಾದೆ ಹೋಯ್ತು ಅಂತ ಮುಚ್ಚಿಡಬೇಡಿ ಅಂತ ನನ್ನಂಥ ಸೂಪರ್‌ವೈಸರ್‌ಗಳಿಗೆ ಹೇಳೋದು. ವರ್ಷಗಟ್ಲೆ ಕೇಳಿ ಸಿಗದ್ದನ್ನ ಕೊಡಿಸೋ ಕಾಗದ ಅದು. ಎದುರಿಗೆ ಬಾಯಿ ಬಿಡಲಿಕ್ಕೆ ಹೆದರಿಕೆ ಆಗೋ ಕಾರ್ಮಿಕರಿಗೂ ದಾರಿ ಇತ್ತು: ಸುರಕ್ಷತೆ ಸಾಲದು ಅಂತ ನೇರವಾಗಿ ಇನ್ಸ್‌ಪೆಕ್ಟರ್‌ಗೆ ಹೇಳೋ ಹಕ್ಕನ್ನ ಅದೇ ಆಕ್ಟ್‌ನ 111ಎ ಕೊಟ್ಟಿತ್ತು, ದೂರು ಯಾರಿಂದ ಬಂತು ಅಂತ ಇನ್ಸ್‌ಪೆಕ್ಟರ್ ಹೊರಗೆ ಬಿಡಬಾರ್ದು ಅಂತ 118ಎ ಹೇಳ್ತಿತ್ತು. ಈಗ ಆ ಆಕ್ಟ್ ಬದಲಿಗೆ ಹೊಸ ಲೇಬರ್ ಕೋಡ್ ಬಂದಿದೆ, ಅದ್ರಲ್ಲಿ ಇದೆಲ್ಲ ಎಲ್ಲಿದೆ ಅಂತ ಮಳೆಗಾಲದ ಕ್ಲೀನಿಂಗ್ ಶುರು ಆಗೋದ್ರೊಳಗೆ ನಿಮ್ಮ ಯೂನಿಯನ್ನಿನವ್ರ ಹತ್ರನೋ ಇಲಾಖೆ ಆಫೀಸಲ್ಲೋ ಕೇಳಿ ಇಟ್ಕೊಳ್ಳಿ.