ಅರಸು ಹುಡುಕಿದರೆ ಅರಿಶಿನ ಸಿಕ್ಕಿತು

ಕೊನೆಗೂ ಆಯಿತು! ಮೂರು ತಿಂಗಳಿಂದ ತಲೆ ತಿನ್ನುತ್ತಿದ್ದ ಸಮಸ್ಯೆ ನಿನ್ನೆ ರಾತ್ರಿ ಬಗೆಹರಿಯಿತು. ಬಗೆಹರಿಸಿದ್ದು ಹೊಸ ಸಾಫ್ಟ್‌ವೇರ್ ಅಲ್ಲ, ಹೈಸ್ಕೂಲಿನ ವ್ಯಾಕರಣ.

ಹಳೇ ಮೈಸೂರಿನ ಪತ್ರಿಕೆಗಳಲ್ಲಿ ‘ಅರಸು’ ಎಂಬ ಹೆಸರಿನವರು ಎಲ್ಲೆಲ್ಲಿ ಬಂದಿದ್ದಾರೋ ಅವರನ್ನೆಲ್ಲ ಒಂದು ಪಟ್ಟಿಗೆ ತರುತ್ತಿದ್ದೇನೆ. ದಿವಾನರು, ಮುಖ್ಯಮಂತ್ರಿಗಳು ಎಲ್ಲಿದ್ದರೂ ಸಿಗುತ್ತಾರೆ. ನನಗೆ ಬೇಕಾದವರು ಮೇಷ್ಟರು, ಅಮಲ್ದಾರರು, ಕುಸ್ತಿಗೆ ಬಹುಮಾನ ಕೊಟ್ಟವರು. ಒಂದೇ ಸಾಲಿನಲ್ಲಿ ಬಂದು ಹೋದವರು.

ಸ್ಕ್ಯಾನ್, ಆ ಚಿತ್ರದಿಂದ ಯಂತ್ರವೇ ಅಕ್ಷರ ಓದಿಕೊಡುವ ಓಸಿಆರ್, ಎಲ್ಲ ಮಾಮೂಲು, ಬಿಡಿ. ಒಂದು ಸಂಕಟ ಮಾತ್ರ ಹೇಳಲೇಬೇಕು. ಎರಡು ಬೈಂಡ್ ಸಂಪುಟಗಳನ್ನು ಹೊರಗೆ ಸ್ಕ್ಯಾನಿಗೆ ಕೊಟ್ಟಿದ್ದೆ. 400 ಡಿಪಿಐ (ಇಂಚಿಗೆ 400 ಚುಕ್ಕಿ), ಗ್ರೇ ಎಂದು ಚೀಟಿ ಬರೆದು ಕೊಟ್ಟರೂ 200ರಲ್ಲಿ ಕಪ್ಪು-ಬಿಳುಪು ಮಾಡಿದ್ದಾರೆ. ಹೊಲಿಗೆಯ ಕಡೆ ಪುಟ ಬಿಡಿಸಿಯೇ ಇಲ್ಲ. ಸಾಲಿನ ಕೊನೇ ಅಕ್ಷರಗಳು ಮಾಯ, ‘ಸ’ ಎಲ್ಲ ‘ನ’ ಆಗಿದೆ. ಆ ಬಡಪಾಯಿ ಹಾಳೆಗಳನ್ನು ಇನ್ನೊಂದು ಸಲ ಮಗುಚಬೇಕಲ್ಲ ಅಂತ ಹೊಟ್ಟೆ ಉರಿಯಿತು.

ಈಗ ಅಸಲು ವಿಷಯ. ‘ಅರಸು’ ಒಂದು ಹೆಸರು. ರಾಜನಿಗೂ ಅದೇ ಮಾತು. ಹುಡುಕುವುದಕ್ಕೂ ಅದೇ! ಹುಡುಕಲು ಕೊಟ್ಟ ಕೂಡಲೇ ಗಂಗರು, ಹೊಯ್ಸಳರು, ಪುರಾಣದ ರಾಜರು ಸಾಲಾಗಿ ಬಂದು ನಿಂತರು. ಹಿಂದೆಯೇ ಕೆಲಸ ಅರಸುವ ಪದವೀಧರರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಹೆಸರಿಗೆ ಯು, ಆರ್, ಎಸ್ ಅಂತ ಮೂರೇ ಅಕ್ಷರ. ದರ್ಗಾದ ಉರುಸಿಗೂ ಅದೇ ಮೂರಕ್ಷರ.

ಒಂದು ದಿನ ಯಂತ್ರ ಬಿಟ್ಟು ಸುಮ್ನೆ ಹಾಳೆ ಓದುತ್ತಾ ಕೂತೆ. ಆಗ ಕಣ್ಣಿಗೆ ಬಿತ್ತು. ರಾಜನಾದರೆ ಅರಸನು, ಅರಸನ, ಅರಸರು. ಹೆಸರಾದರೆ ಅರಸಿನ, ಅರಸಿಗೆ, ಅರಸಿನವರು. ವಿಭಕ್ತಿಯೇ ಇಬ್ಬರನ್ನೂ ಬೇರೆ ಮಾಡಿಕೊಡುತ್ತಿದೆ! ಖುಷಿಯಲ್ಲಿ ‘ಅರಸಿನ’ ಅಂತ ರೆಜೆಕ್ಸ್, ಅಂದರೆ ಯಂತ್ರ ಹುಡುಕಬೇಕಾದ ಅಕ್ಷರಗಳ ಪ್ಯಾಟರ್ನ್, ಬರೆದು ಓಡಿಸಿದೆ. ಬಂದದ್ದು ಅರಿಶಿನ. ಅದನ್ನು ‘ಅರಸಿನ’ ಅಂತಲೂ ಬರೆಯುತ್ತಾರಲ್ಲ. ಪೇಟೆ ಧಾರಣೆ, ಮನೆಮದ್ದು, ಅರಸಿನ-ಕುಂಕುಮ. “ಇರಲಿ ಬಿಡ್ರೀ, ಸಾರಿಗಾಗುತ್ತೆ” ಅಂದಳು ನನ್ನಾಕೆ.

ಹಿಂದೆ ‘ವರ’ ಸೇರಿಸಿದೆ. ಅರಿಶಿನಕ್ಕೆ ಯಾರೂ ‘ಅವರು’ ಅನ್ನುವುದಿಲ್ಲ, ಅಲ್ವಾ? ಪಟ್ಟಿ ಶುದ್ಧವಾಯಿತು. ಆದರೆ ತೀರಾ ಚಿಕ್ಕದು. ಕಾಂತರಾಜ ಅರಸು 1919ರಿಂದ 1922ರವರೆಗೆ ಮೈಸೂರಿನ ದಿವಾನರು. ಅವರ ಕಾಲದ ಸಂಚಿಕೆಗಳಲ್ಲೇ ಅವರು ಅಪರೂಪ ಅಂದರೆ ಏನೋ ತಪ್ಪಿದೆ ಅಂತ ತಾನೇ?

ತಪ್ಪಿದ್ದು ಲೋಪಸಂಧಿ! ಕಾಂತರಾಜ ಮತ್ತು ಅರಸು ಸೇರಿ ‘ಕಾಂತರಾಜರಸು’. ‘ಅ’ ಬಿದ್ದೇ ಹೋಗಿದೆ. ನಾನು ‘ಅ’ದಿಂದ ಹುಡುಕುತ್ತಿದ್ದೆ. ಈಗ ಪ್ಯಾಟರ್ನ್ ಹೀಗಿದೆ: ಮೊದಲು ‘ರಾಜ’ ಅಥವಾ ‘ರಾಜೇ’, ನಡುವೆ ಜಾಗ ಇದ್ದರೂ ಸರಿ ಇಲ್ಲದಿದ್ದರೂ ಸರಿ, ‘ಅ’ಕ್ಕೂ ಅದೇ ಮಾತು, ಆಮೇಲೆ ‘ರಸು’, ‘ರಸಿನವ’ ಅಥವಾ ‘ರಸ್’. ‘ಅರಸ್‌ರವರು’ ಎಂಬಲ್ಲಿ ಮಧ್ಯೆ ಝಡ್‌ಡಬ್ಲ್ಯುಎನ್‌ಜೆ ಇರುತ್ತದೆ, ಅಂದರೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು. ಓಸಿಆರ್ ಅದನ್ನು ನುಂಗಿದರೆ ‘ಅರಸ್ರವರು’ ಆಗುತ್ತದೆ. ಅದನ್ನೂ ಸೇರಿಸಿಕೊಳ್ಳಿ.

ಇದರ ಮಧ್ಯೆಯೇ ಮನಸ್ಸು ಮಂಡ್ಯ ಕಡೆಯವರ ಹೆಸರುಗಳತ್ತ ಓಡುತ್ತಿದೆ. ಅಲ್ಲಿ ಕಷ್ಟ ಹೆಸರಿನ ತಲೆಯಲ್ಲಿ. ಊರಿನ ಹೆಸರೆಲ್ಲ ಒಂದೇ ಇನಿಷಿಯಲ್‌ನಲ್ಲಿ ಅಡಗಿ ಕೂತಿರುತ್ತದೆ. ಎಂ. ಅಂದರೆ ಮಂಡ್ಯವೋ, ಮದ್ದೂರೋ, ಮಳವಳ್ಳಿಯೋ, ಮೇಲುಕೋಟೆಯೋ? ವಿಶ್ವೇಶ್ವರಯ್ಯನವರ ಎಂ. ಮೋಕ್ಷಗುಂಡಂ. ಅವರು ಹುಟ್ಟಿದ ಮುದ್ದೇನಹಳ್ಳಿಯೂ ಎಂ. ಇದಕ್ಕೆ ಯಾವ ಸಂಧಿಯೂ ನೆರವಾಗದು, ಹಳ್ಳಿಗಳ ಪಟ್ಟಿಯನ್ನೇ ಹಿಡಿದು ಕೂರಬೇಕು.

ನಿನ್ನೆ ಹೊಸ ಪ್ಯಾಟರ್ನಿಗೆ ಮೊದಲು ಸಿಕ್ಕವರು ಒಬ್ಬ ಶಾಲಾ ಇನ್ಸ್‌ಪೆಕ್ಟರು. ಮಕ್ಕಳಿಗೆ ಬಹುಮಾನ ಹಂಚಿದರು ಅಂತ ಅರ್ಧ ಸಾಲು. ಎರಡು ಸಲ ಗಟ್ಟಿಯಾಗಿ ಓದಿದೆ. ಆ ಎರಡು ಸಂಪುಟಗಳು ಬಾಕಿ ಇವೆ. ಮುಂದಿನ ವಾರ ಕಿಟಕಿ ಪಕ್ಕ ಕೂತು ನಾನೇ ಅವುಗಳ ಚಿತ್ರ ತೆಗೆಯುತ್ತೇನೆ.